ಪಾವಿನ ಬೀದಿಯ ಜ್ಞಾನಿಗಳು

ಇಸ್ತ್ರಿ ಅಂಗಡಿಯಿಂದ ಬಂದ ಪಂಚೆಯನ್ನು ಬಿಡಿಸಿದೆ. ಗಂಜಿಯ ವಾಸನೆ ಮೂಗಿಗೆ ಬಂತು. ಗಂಜಿ ಎಂದರೆ ಬೇರೆಯವರಿಗೆ ಜ್ವರ ನೆನಪಾಗಬಹುದು, ನನಗೆ ನೆನಪಾಗುವುದು ಬೈಬಲ್. ನಗಬೇಡಿ, ಕಾರಣ ಇದೆ.

ನಾವು ಸೇಲಂ ಪೇಟೆಯ ಕನ್ನಡದ ನೇಯ್ಗೆಯವರು. ನಾನು ಹೈಸ್ಕೂಲಿನಲ್ಲಿದ್ದಾಗ ಮೇಟ್ಟೂರು ಅಣೆಕಟ್ಟೆ ಆಗಷ್ಟೇ ಮುಗಿದಿತ್ತು. ಅದನ್ನು ನೋಡಿ ಬಂದವರೆಲ್ಲ ತಾವೇ ಕಟ್ಟಿದವರಂತೆ ಬೀದಿಯಲ್ಲಿ ಎದೆ ಸೆಟೆಸಿ ಓಡಾಡುತ್ತಿದ್ದರು. ನನ್ನನ್ನು ಗುಮಾಸ್ತನನ್ನಾಗಿ ಮಾಡಬೇಕೆಂಬುದು ಅಪ್ಪನ ಆಸೆ. ಅದಕ್ಕೆ ಇಂಗ್ಲಿಷ್ ಬೇಕು, ಇಂಗ್ಲಿಷಿಗೆ ಮಿಷನ್ ಶಾಲೆಯೇ ಬೇಕು, ಮಿಷನ್ ಶಾಲೆ ಎಂದಮೇಲೆ ಬೈಬಲ್ ತರಗತಿ ತಪ್ಪುವಂತಿಲ್ಲ. ಅಪ್ಪ ಬಹಳ ಯೋಚಿಸಿ ಒಂದು ದಾರಿ ಹೇಳಿಕೊಟ್ಟಿದ್ದರು. "ಅತ್ತಿ ಇಂಜುವಾಗ ಬೀಜ ತೆಗೀತೀವಲ್ಲಾ, ಅಂಗೆ ಇಂಗ್ಲೀಸ್ ಇಟ್ಕೊ, ಸಾಮೀನ ಅಲ್ಲೇ ಬುಟ್ಬುಡು."

ಬೈಬಲ್ಲಿನ ಜ್ಞಾನದ ಭಾಗಗಳನ್ನು ಪಾಠ ಮಾಡುತ್ತಿದ್ದವರು ಜ್ಞಾನಮುತ್ತು ವಾತ್ಯಾರ್. ಸೆಕೆಯಲ್ಲೂ ಕಪ್ಪು ಕೋಟು ಬಿಚ್ಚದ ಮೇಷ್ಟ್ರು. ಒಬ್ಬ ಒಳ್ಳೆಯ ಮನುಷ್ಯನ ಕಥೆ ಅವರಿಗೆ ಪ್ರಾಣ. ಅವನ ದನಕರು ಹೋಗುತ್ತವೆ, ಮಕ್ಕಳು ಸಾಯುತ್ತಾರೆ, ಮೈತುಂಬ ಹುಣ್ಣು. ಆಗ ಮೂವರು ಸ್ನೇಹಿತರು ಬಂದು, ನಿನ್ನದೇ ತಪ್ಪಿರಬೇಕು ಎಂದು ಪುಟಗಟ್ಟಲೆ ಬುದ್ಧಿ ಹೇಳುತ್ತಾರೆ. ನೊಂದವನ ಮುಂದೆ ಹೆಚ್ಚು ಮಾತಾಡಬಾರದು ಎಂಬುದು ಆ ಕಥೆಯ ಸಾರವೆಂದು ವಾತ್ಯಾರ್ ವಾರಗಟ್ಟಲೆ ಮಾತಾಡಿ ನಮಗೆ ತಿಳಿಸಿದರು. ನಾನು ಅದನ್ನೇ ಪರೀಕ್ಷೆಯಲ್ಲಿ ಬರೆದೆ. ಮೊದಲ ಬಹುಮಾನ ಬಂತು.

ಆ ಬಹುಮಾನವೇ ಮನೆಗೆ ಮುಳುವಾಯಿತು. ಮೊದಲು ಬಂದ ಹುಡುಗನಿಗೆ ಪಾದ್ರಿ ನೀರು ಹಾಕಿ ಹೆಸರು ಬದಲಿಸುತ್ತಾನೆ ಎಂದು ನಮ್ಮ ಬೀದಿ ತಾನೇ ತೀರ್ಮಾನಿಸಿಬಿಟ್ಟಿತು. ಅದರ ಮೇಲೆ ಅಮಾವಾಸ್ಯೆ ಬೇರೆ ಬಂತು. ಅಮಾವಾಸ್ಯೆಯ ದಿನ ನಮ್ಮವರು ಮಗ್ಗ ಮುಟ್ಟುವುದಿಲ್ಲ. ಆದರೆ ಬಾಯಿಗೆ ರಜೆ ಕೊಡುವ ಪದ್ಧತಿ ಯಾವ ಕುಲದಲ್ಲೂ ಇಲ್ಲ ನೋಡಿ. ಗುಡಿಯ ಜಗುಲಿಯಲ್ಲಿ ಹಿರಿಯರು ಸೇರಿ, ನಮ್ಮ ಮನೆಯ ಪಾವಿಗೆ ಯಾರೂ ಕೈ ಹಾಕಬಾರದೆಂದು ಕಟ್ಟು ಮಾಡಿದರು. ಅಪ್ಪನಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ.

ಪಾವು ಎಂದರೆ ಸೀರೆಯ ಉದ್ದದ ನೂಲು. ಅದನ್ನು ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಬಿಗಿದು, ಗಂಜಿ ಬಳಿದು, ಬಿಸಿಲೇರುವ ಮೊದಲೇ ದೊಡ್ಡ ಕುಂಚದಿಂದ ಉಜ್ಜಿ ಎಳೆ ಬಿಡಿಸಬೇಕು. ಒಂದು ಮನೆಯ ಮಂದಿಯಿಂದ ಆಗುವ ಕೆಲಸವಲ್ಲ. ಇಡೀ ಬೀದಿ ಸೇರಬೇಕು. ತಡವಾದರೆ ಎಳೆಗೆ ಎಳೆ ಅಂಟಿ, ಅಷ್ಟು ನೂಲೂ ಹಾಳು. ಅದು ಹಾಳಾದರೆ ಒಲೆ ಹೊತ್ತುವುದಿಲ್ಲ, ನನ್ನ ಓದೂ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಅಪ್ಪ ಗಂಜಿ ಬಳಿದು ಕಾದರು. ಯಾರೂ ಬರಲಿಲ್ಲ. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ನಡುವೆ ನಾನು ಕುಂಚ ಹಿಡಿದು ಓಡಾಡಿದೆವು. ಕೊನೆಗೂ ಮೂವರು ಬಂದರು, ಆದರೆ ಕೈಕಟ್ಟಿಕೊಂಡು.

"ಮುತ್ತಣ್ಣಾ, ದೇವ್ರು ಸುಮ್ಸುಮ್ನೆ ಶಿಕ್ಷೆ ಕೊಡಾಕಿಲ್ಲ. ನಿನ್ ಮನ್ಯಾಗೇ ಏನೋ ತಪ್ಪೈತೆ," ಎಂದು ಅಪ್ಪನಿಗೆ ಹೇಳಿದರು ಕುಲದ ಯಜಮಾನರು.

"ಅಂದೇ ಏಳಿದ್ನಲ್ಲಾ, ಆ ಪಾದ್ರಿ ಪಳ್ಳಿಕೂಟದ ಓದು ಬ್ಯಾಡಾ ಅಂತ," ಎಂದರು ನೂಲಂಗಡಿಯವರು.

ಕಾರಿಮಂಗಲದಿಂದ ಅಮಾವಾಸ್ಯೆಯ ಊಟಕ್ಕೆ ಬಂದು ಉಳಿದಿದ್ದ ಸೋದರಮಾವ, "ನಮ್ಮೂರ್ನಾಗೂ ಒಬ್ಬ ಇಂಗೇ ಕೆಟ್ಟ, ಭಾವಾ," ಎಂದು ದೊಡ್ಡ ಕಥೆಯನ್ನೇ ಶುರು ಮಾಡಿದ.

ನನಗೆ ಅಳು ಬರಬೇಕಿತ್ತು. ಆದರೆ ಬಹುಮಾನದ ತಲೆ ನೋಡಿ, ಮೂವರೂ ಪುಸ್ತಕದಿಂದಲೇ ಎದ್ದು ಬಂದವರ ಹಾಗೆ ಕಂಡರು. ವಾತ್ಯಾರ್ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಅಷ್ಟರಲ್ಲಿ, ಸುದ್ದಿ ಕೇಳಿದ ವಾತ್ಯಾರೇ ಕೋಟು ಸಮೇತ ಬಂದರು! ಅವರನ್ನು ಕಂಡು ನನ್ನ ಎದೆ ಹಗುರವಾಯಿತು. ಅವರು ಪಾವಿನ ಪಕ್ಕ ನಿಂತು, ಕಣ್ಣು ಮುಚ್ಚಿ, "ಪೊರುಮೈ ವೇಣುಂ, ಪೊರುಮೈ," ಎಂದು ತಾಳ್ಮೆಯ ಮೇಲೆ ಪಾಠ ಆರಂಭಿಸಿದರು. ಬಿಸಿಲು ಮಾತ್ರ ಯಾರ ಪಾಠಕ್ಕೂ ಕಾಯದೆ ಏರುತ್ತಿತ್ತು. ತುದಿಯ ಎಳೆಗಳು ಆಗಲೇ ಅಂಟತೊಡಗಿದ್ದವು. ಅಪ್ಪ ಉಗುರಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದರು.

ಆಗ ಎದುರುಮನೆಯಿಂದ ಯಜಮಾನರ ತಾಯಿ ಚೌಡಜ್ಜಿ ಹೊರಬಂದಳು. ಅವಳ ಬಾಯಿಗೆ ಹೆದರಿ ಬೀದಿನಾಯಿಗಳೂ ಆ ಜಗುಲಿಯಲ್ಲಿ ಮಲಗುತ್ತಿರಲಿಲ್ಲ.

"ಲೇ ಬಾಯಿಬಡುಕ! ನೂಲು ಒಣಗ್ತಾ ಐತೆ, ಕಣ್ ಕಾಣಾಕಿಲ್ವೇನ್ಲಾ?"

"ಅವ್ವಾ, ಕಟ್ಟು ಆಗ್ಬುಟ್ಟೈತೆ..."

"ನಿನ್ ಕಟ್ಟು ಗಂಡಸ್ರಿಗೆ. ನನ್ನ ಯಾರ್ಲಾ ಕೇಳ್ದೋರು?" ಎಂದವಳೇ ಸೀರೆ ಎತ್ತಿ ಕಟ್ಟಿ ಪಾವಿಗೆ ಕೈ ಹಾಕಿದಳು. ಅವಳ ಹಿಂದೆ ಮನೆಮನೆಯಿಂದ ಹೆಂಗಸರು ಬಂದರು. ಹೆತ್ತವ್ವನೇ ಕಟ್ಟು ಮುರಿದ ಮೇಲೆ ಯಜಮಾನರು ಏನು ಮಾಡಿಯಾರು? ಆಕಾಶ ನೋಡುತ್ತಾ ಮೆಲ್ಲಗೆ ಒಂದು ತುದಿ ಹಿಡಿದರು. ಚೌಡಜ್ಜಿ ವಾತ್ಯಾರನ್ನೂ ಬಿಡಲಿಲ್ಲ. "ಕೋಟ್ ಬಿಚ್ಚಿಟ್ಟು ಬಾ ಸಾಮಿ, ಸುಮ್ನೆ ಯಾಕ್ ನಿಂತಿದ್ದೀಯಾ?" ಜ್ಞಾನಮುತ್ತು ವಾತ್ಯಾರ್ ಕೋಟು ಬಿಚ್ಚಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಒಳಗಿನ ಅಂಗಿಗೆ ಬೆನ್ನೇ ಇರಲಿಲ್ಲ, ಪಾಪ.

ಪಾವು ಉಳಿಯಿತು, ನನ್ನ ಓದೂ ಉಳಿಯಿತು. ಸಂಜೆ ಅಪ್ಪ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದರು, "ಅದೇನ್ಲಾ ಆ ಕಥೆ, ನಿಂಗೆ ಬೌಮಾನ ಬಂದಿದ್ದು?"

ನಾನು ಹುಮ್ಮಸ್ಸಿನಿಂದ ಎಲ್ಲವನ್ನೂ ಹೇಳಿದೆ. ಕೊನೆಗೆ ದೇವರೇ ಬಿರುಗಾಳಿಯೊಳಗಿಂದ ಮಾತಾಡಿದ, ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ ಎಂದು ಆ ಮನುಷ್ಯನನ್ನೇ ಕೇಳಿದ ಎಂದೆ.

ಅಪ್ಪ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟರು. "ಅವ್ನೂ ಮಾತೇ ಆಡಿದ್ನಾ? ಕೈ ಆಕ್ಲಿಲ್ವಾ?"

ಕಳೆದುಕೊಂಡದ್ದಕ್ಕೆ ಎರಡರಷ್ಟು ಕೊಟ್ಟನಂತೆ ಎಂದೆ. "ಸತ್ತೋದ ಮಕ್ಳು?" ಎಂದರು. ಆ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿರಲಿಲ್ಲ. ಬಂದಿದ್ದರೆ ಬಹುಮಾನ ಬೇರೆಯವರ ಪಾಲಾಗುತ್ತಿತ್ತು.

ಈಗಲೂ ಆ ಪುಸ್ತಕ ತೆಗೆದು ಓದುತ್ತೇನೆ, ಅಪ್ಪನಿಗೆ ಹೇಳಲು ಒಂದು ಉತ್ತರ ಸಿಗಬಹುದೇನೋ ಎಂದು. ಸಿಕ್ಕಿಲ್ಲ. ಸಿಕ್ಕರೂ ಕೇಳಲು ಅವರಿಲ್ಲ. ಅವರು ತೀರಿಹೋದ ದಿನ ನಮ್ಮ ಮನೆಗೆ ಬಹಳ ಜನ ಬಂದು ಬಹಳ ಸಮಾಧಾನ ಹೇಳಿದರು. ಆ ಮಾತುಗಳಲ್ಲಿ ಒಂದೂ ಇವತ್ತು ನೆನಪಿಲ್ಲ. ಚಟ್ಟದ ಬಿದಿರಿಗೆ ಹೆಗಲು ಕೊಟ್ಟವರ ಮುಖಗಳು ಮಾತ್ರ ಒಂದೂ ಮರೆತಿಲ್ಲ.