ಅಕ್ಕನ ಅರ್ಧ ಚಿತ್ರಗಳು

ಅಕ್ಕ ತೀರಿಕೊಂಡ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ನನಗೆ ಏನೂ ಅನಿಸಲಿಲ್ಲ. ಇದನ್ನು ದೊಡ್ಡ ಮಾತು ಮಾಡಿ ಹೇಳುತ್ತಿಲ್ಲ. ಹೊಟ್ಟೆ ಹಸಿಯುತ್ತಿತ್ತು, ನಿದ್ದೆ ಬರುತ್ತಿತ್ತು, ಖಾನಾಪುರದಿಂದ ಬೆಳಗಾವಿಗೆ ಹೋಗುವ ರೈಲು ತಡವಾದರೆ ಸಿಟ್ಟೂ ಬರುತ್ತಿತ್ತು. ಅಕ್ಕನ ವಿಷಯಕ್ಕೆ ಬಂದರೆ ಮಾತ್ರ ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗೆ. ಸಮಾಧಾನ ಹೇಳಲು ಬಂದವರು, ಈಗ ಅಳುತ್ತಾಳೆ ಇನ್ನೊಂದು ಗಳಿಗೆಗೆ ಅಳುತ್ತಾಳೆ ಎಂದು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನಾನು ಅವರಿಗೆ ಚಹಾ ಮಾಡಿ ಕೊಟ್ಟು, ಅವರು ಎದ್ದ ಮೇಲೆ ಕಪ್ಪು-ಬಸಿ ತೊಳೆದು ಬೋರಲು ಹಾಕುತ್ತಿದ್ದೆ.

ಅಕ್ಕ ಮತ್ತು ನಾನು ಕೆಲಸ ಮಾಡುತ್ತಿದ್ದದ್ದು ಒಂದೇ ಕಡೆ. ಬೆಳಗಾವಿಯ ಶಹಾಪುರದ ಒಂದು ಓಣಿಯಲ್ಲಿ ಸೀರೆಗೆ ಡಿಸೈನ್ ತೆಗೆದುಕೊಡುವ ಸಣ್ಣ ಅಂಗಡಿ. ಪವರ್‌ಲೂಮಿನವರು ಬಂದು ಅಂಚಿಗೆ ಇಂಥ ದಡಿ ಬೇಕು, ಇಂಥ ಸೆರಗು ಬೇಕು ಎಂದು ಕೈಯಲ್ಲಿ ಗಾಳಿಯಲ್ಲೇ ಬರೆದು ತೋರಿಸುತ್ತಿದ್ದರು. ಅಕ್ಕ ಅದನ್ನು ಗ್ರಾಫ್ ಹಾಳೆಯ ಮೇಲೆ ಇಳಿಸುತ್ತಿದ್ದಳು. ಹಾಳೆಯ ಒಂದು ಚೌಕದ ಮನೆ ತುಂಬಿದರೆ ಅಲ್ಲಿ ಎಳೆ ಮೇಲೆ ಏಳಬೇಕು, ಖಾಲಿ ಬಿಟ್ಟರೆ ಕೆಳಗೇ ಇರಬೇಕು. ಅದನ್ನು ಸಾಲು ಸಾಲಾಗಿ ಓದಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಆ ಕಾರ್ಡುಗಳನ್ನು ಒಂದಕ್ಕೊಂದು ಹೊಲಿದು ಮಗ್ಗದ ಮೇಲೆ ಏರಿಸಿದರೆ ಸೀರೆಯಲ್ಲಿ ಚಿತ್ರ ಏಳುತ್ತಿತ್ತು. ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟ ಅಕ್ಕ ಈ ಕೆಲಸದಲ್ಲಿ ಹತ್ತು ವರ್ಷ ಬೆನ್ನು ಬಗ್ಗಿಸಿದ್ದಳು. ಕೂತು ಕೂತು ಬೆನ್ನು ನಿಜಕ್ಕೂ ಬಗ್ಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿಗೆ ಮಾಲಕರು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟರು. ತಂದ ಮೇಲೆ ಅದನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಮೇಲೆ ಬಟ್ಟೆ ಹೊದಿಸಿ ಊದುಕಡ್ಡಿ ಹಚ್ಚುತ್ತಿದ್ದರು. ನಾನು ಆಗ ಶಿವಬಸವ ನಗರದಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ, ಸರ್ಟಿಫಿಕೇಟು ಇಟ್ಟುಕೊಂಡು ಮನೆಯಲ್ಲಿ ಎಮ್ಮೆಗಳ ಮುಖ ನೋಡುತ್ತ ಕೂತಿದ್ದೆ. ಅಕ್ಕನೇ ನನ್ನನ್ನು ಎಳೆದುಕೊಂಡು ಹೋಗಿ ಅದರ ಮುಂದೆ ಕೂರಿಸಿದಳು. ಸೀರೆಗೆಂದೇ ಮಾಡಿದ ತಂತ್ರಾಂಶಗಳು ಇದ್ದವಂತೆ, ನಮ್ಮ ಓಣಿಗೆ ಬಂದಿರಲಿಲ್ಲ. ನನಗೆ ಬರುತ್ತಿದ್ದದ್ದು ಕ್ಲಾಸಿನಲ್ಲಿ ಕಲಿಸಿದ್ದ ಒಂದು ಸ್ಕ್ರಿಪ್ಟ್ ಭಾಷೆ. ಸಾದಾ ಅಕ್ಷರದ ಫೈಲಿನಲ್ಲಿ ನಾಲ್ಕು ಸಾಲು ಬರೆದು ಎರಡು ಸಲ ಕ್ಲಿಕ್ ಮಾಡಿದರೆ ಓಡುವಂಥದ್ದು. ಅದರಲ್ಲೇ ಏನಾದರೂ ಆಗುತ್ತದೋ ನೋಡೋಣ ಎಂದುಕೊಂಡೆ.

ಆ ಭಾಷೆಯಲ್ಲಿ ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಅನ್ನುತ್ತಾರೆ. ಸ್ಟ್ರಿಂಗಿನ ಮೇಲೆ ಮಾಡಬೇಕಾದ ಸಣ್ಣಪುಟ್ಟ ಕೆಲಸಗಳಿಗೆ ಫಂಕ್ಷನ್ನುಗಳನ್ನು ಭಾಷೆ ಮಾಡಿದವರೇ ಮಾಡಿಟ್ಟಿರುತ್ತಾರೆ, ನಾವು ಹೆಸರು ಹಿಡಿದು ಕರೆದರೆ ಸಾಕು. ಗ್ರಾಫ್ ಹಾಳೆಯ ಒಂದೊಂದು ಸಾಲೂ ನನಗೆ ಒಂದೊಂದು ಸ್ಟ್ರಿಂಗ್ ಆಯಿತು. ತುಂಬಿದ ಮನೆಗೆ ಎಕ್ಸ್, ಖಾಲಿ ಮನೆಗೆ ಸ್ಪೇಸ್. ಟೈಪ್ ಮಾಡುವಾಗ ಸಾಲಿನ ಕೊನೆಗೆ ಹೆಬ್ಬೆರಳು ಸುಮ್ಮನೆ ಒಂದೆರಡು ಸ್ಪೇಸ್ ಒತ್ತಿಬಿಡುತ್ತದಲ್ಲ, ಅದನ್ನು ಕತ್ತರಿಸಲು ಟ್ರಿಮ್ ಎಂಬ ಫಂಕ್ಷನ್ ಹಾಕಿದೆ. ಟ್ರಿಮ್ ಕೊನೆಯದನ್ನಷ್ಟೇ ಅಲ್ಲ, ಮುಂದಿನ ಖಾಲಿಯನ್ನೂ ಬಿಡಲಿಲ್ಲ. ಮೊದಲ ಪ್ರಿಂಟು ಬಂದಾಗ ಅಕ್ಕನ ಮಾವಿನಕಾಯಿ ಬುಟ್ಟಾದ ಎಲ್ಲ ಸಾಲುಗಳೂ ಎಡಕ್ಕೆ ಸರಿದು ಗೋಡೆಗೆ ಆನಿಕೊಂಡು ನಿಂತಿದ್ದವು.

"ಇದೇನ ಮಾವಿನಕಾಯಿ ಏನ ಒಡದ ಗಡಗಿ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. "ನಿನ್ನ ಪೆಟಗಿಗೆ ಖಾಲಿ ಜಾಗಾದ ಕಿಮ್ಮತ್ತ ಗೊತ್ತಿಲ್ಲ ಬಿಡ."

ನನಗೆ ಮೂಗಿನ ತುದಿಗೆ ಸಿಟ್ಟು. ಖಾಲಿ ಮನೆಗೆ ಸ್ಪೇಸಿನ ಬದಲು ಚುಕ್ಕಿ ಇಟ್ಟು, ಲೆನ್ ಎಂಬ ಫಂಕ್ಷನ್ನಿನಿಂದ ಎಲ್ಲ ಸಾಲುಗಳ ಉದ್ದ ಒಂದೇ ಇದೆಯೇ ಎಂದು ನೋಡಿ, ಮತ್ತೆ ಪ್ರಿಂಟ್ ತೆಗೆದೆ. ಈ ಸಲ ಮಾವಿನಕಾಯಿ ಮಾವಿನಕಾಯಿಯ ಹಾಗೇ ಇತ್ತು. ಅಕ್ಕ ಅದನ್ನು ಮಾಲಕರಿಗೂ, ಅಂಗಡಿಗೆ ಬಂದವರಿಗೂ, ಎದುರು ಮನೆಯ ಅಜ್ಜಿಗೂ ತೋರಿಸಿ ಬಂದಳು.

ಅಕ್ಕನ ಕೆಲಸವನ್ನು ನಿಜವಾಗಿ ಬದಲಿಸಿದ್ದು ಸಾಲನ್ನು ಹಿಂದುಮುಂದು ಮಾಡುವ ಫಂಕ್ಷನ್. ಸೀರೆಯ ಚಿತ್ರಗಳು ಹೆಚ್ಚಾಗಿ ಜೋಡಿಯವು. ಎಡಕ್ಕೊಂದು ಗಿಳಿ ಇದ್ದರೆ ಬಲಕ್ಕೊಂದು ಗಿಳಿ, ಎರಡರ ಮೂತಿ ಒಂದರ ಕಡೆಗೊಂದು. ಅಕ್ಕ ಎಡಗಡೆಯದನ್ನು ಬರೆದು, ಆಮೇಲೆ ಮನೆಗಳನ್ನು ಹಿಂದಿನಿಂದ ಎಣಿಸುತ್ತ ಬಲಗಡೆಯದನ್ನು ತುಂಬುತ್ತಿದ್ದಳು. ಒಂದು ಮನೆ ತಪ್ಪಿದರೆ ಗಿಳಿಗೆ ಮೆಳ್ಳೆಗಣ್ಣು. ನಾನು ಅರ್ಧ ಸಾಲು ಕೊಟ್ಟು ರಿವರ್ಸ್ ಎಂದು ಕರೆದರೆ ಉಳಿದರ್ಧ ತಾನೇ ಬಂದು ಪಕ್ಕದಲ್ಲಿ ಕೂರುತ್ತಿತ್ತು. ನಡುವಿನ ಒಂದು ಎಳೆ ಎರಡು ಸಲ ಬರುತ್ತಿತ್ತು, ಅದನ್ನು ಇನ್ನೊಂದು ಫಂಕ್ಷನ್ನಿನಿಂದ ಕಿತ್ತು ಹಾಕಿದೆ. ಅಕ್ಕ ಪರದೆಯ ಮೇಲೆ ಬೆರಳಿಟ್ಟು ಎರಡೂ ಕಡೆಯ ಮನೆಗಳನ್ನು ಎಣಿಸಿ ನೋಡಿದಳು.

"ಇಷ್ಟ ವರ್ಷ ಉಲ್ಟಾ ಎಣಸಿ ಎಣಸಿ ನನ್ನ ಕಣ್ಣ ತೆಗ್ಗಿಗೆ ಹೋದ್ವು," ಅಂದಳು. "ಇದು ಒಂದ ಮಾತಿನ್ಯಾಗ ಮುಗಿಸ್ತಲ್ಲ!"

ಅಂದಿನಿಂದ ಅಕ್ಕ ಇಡೀ ಚಿತ್ರ ಬರೆಯುವುದನ್ನು ಬಿಟ್ಟಳು. ಅರ್ಧ ನವಿಲು, ಅರ್ಧ ಕಮಲ, ಅರ್ಧ ಗೋಪುರ. ಅರ್ಧ ಮುಗಿದಲ್ಲಿ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದು ಹಾಳೆಯನ್ನು ನನ್ನ ಕಡೆ ನೂಕುತ್ತಿದ್ದಳು. ಇಲ್ಲಿಂದ ತಿರುಗಿಸು ಎಂದು ಅದರ ಅರ್ಥ. ಕೆಲಸ ಬೇಗ ಮುಗಿಯುತ್ತಿತ್ತು, ಮಾಲಕರು ಇನ್ನಷ್ಟು ಕೆಲಸ ಹಿಡಿಯುತ್ತಿದ್ದರು, ಅಕ್ಕ ಇನ್ನಷ್ಟು ಅರ್ಧಗಳನ್ನು ಬರೆಯುತ್ತಿದ್ದಳು.

ಮರುವರ್ಷ ಮಳೆಗಾಲ ಶುರುವಾಗುವಾಗ ಅಕ್ಕ ಹಾಸಿಗೆ ಹಿಡಿದಳು. ಕಾಮಾಲೆ ಎಂದು ಗಿಡಮೂಲಿಕೆ ಕುಡಿಸಿದೆವು. ಕಾಮಾಲೆಯಷ್ಟೇ ಆಗಿರಲಿಲ್ಲ. ಬೆಳಗಾವಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಖಾನಾಪುರದ ಮನೆಯ ಹಿತ್ತಲ ಬಾಗಿಲ ಹತ್ತಿರ ಅವಳಿಗೆ ಹಾಸಿಗೆ ಮಾಡಿದೆವು. ಅಪ್ಪ ಇಲ್ಲದ ಮನೆ. ಇಬ್ಬರಲ್ಲಿ ಒಬ್ಬರಾದರೂ ದುಡಿಯಲೇಬೇಕು. ನಾನು ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ಬರುತ್ತಿದ್ದೆ, ಹಗಲೆಲ್ಲ ಅವ್ವ ಅವಳ ಹತ್ತಿರ ಇರುತ್ತಿದ್ದಳು. ಒಂದು ದಿನ ಅಕ್ಕ ಗ್ರಾಫ್ ಹಾಳೆ ತರಲು ಹೇಳಿದಳು, ತಂದುಕೊಟ್ಟೆ. ದಸರಾ ಮುಗಿದ ಮೇಲೆ ಅವಳು ಹೋದಳು.

ಕಾರ್ಯಗಳೆಲ್ಲ ಮುಗಿದ ಮಾರನೆಯ ದಿನವೇ ನಾನು ಅಂಗಡಿಯಲ್ಲಿದ್ದೆ. ಮಾಲಕರು ಗಾಬರಿಯಾಗಿ ಎದ್ದು ನಿಂತರು.

"ಇನ್ನ ನಾಕ ದಿನಾ ಮನ್ಯಾಗ ಇರಬೇಕಿತ್ತಲ್ಲವಾ ತಂಗಿ."

"ಇದ್ದ ಏನ ಮಾಡ್ಲಿ ರೀ?" ಅಂದೆ.

ನಾನು ಧೈರ್ಯದಿಂದ ಹಾಗಂದೆ ಎಂದು ಅವರು ತಿಳಿದಿರಬೇಕು. ಧೈರ್ಯ ಗೀರ್ಯ ಏನೂ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಸಮಯ ಹೋಗುತ್ತಿತ್ತು. ಈ ಫಂಕ್ಷನ್ನುಗಳಿಗೆ ಒಂದು ಗುಣವಿದೆ: ನಾವು ಕೊಟ್ಟ ಸಾಲನ್ನು ಅವು ಮುಟ್ಟುವುದಿಲ್ಲ. ಅದನ್ನು ನೋಡಿಕೊಂಡು ಬೇರೆಯೇ ಒಂದು ಸಾಲು ಮಾಡಿ ಕೈಗಿಡುತ್ತವೆ, ಮೊದಲಿನದು ಹಾಗೇ ಇರುತ್ತದೆ. ನನಗೆ ಆ ದಿನಗಳಲ್ಲಿ ಅದು ಸರಿಹೊಂದುತ್ತಿತ್ತು. ಕೆಲಸ ಬರುತ್ತಿತ್ತು, ಮಾಡಿ ಕೊಡುತ್ತಿದ್ದೆ, ಒಳಗಿನದು ಯಾವುದೂ ಅಲುಗುತ್ತಿರಲಿಲ್ಲ. ಚಿತ್ರ ಬರೆಯಲು ಮಾಲಕರು ಇನ್ನೊಬ್ಬರನ್ನು ಇಟ್ಟುಕೊಂಡರು. ಅವರೂ ಅರ್ಧವನ್ನೇ ಬರೆದು ಕೊಡುತ್ತಿದ್ದರು.

ವರ್ಷ ತುಂಬುತ್ತ ಬಂತು. ನಮ್ಮಲ್ಲಿ ವರ್ಷಾಂತಿಕದ ದಿನ ಹೋದವರ ಫೋಟೋದ ಮುಂದೆ ಹೊಸ ಬಟ್ಟೆ ಇಡುತ್ತಾರೆ. ಹೆಣ್ಣುಮಕ್ಕಳಿಗಾದರೆ ಸೀರೆ. ಬರುವ ರವಿವಾರ ಬೆಳಗಾವಿಯ ಪೇಟೆಗೆ ಹೋಗಿ ತರೋಣವೇ ಎಂದು ನಾನು ಅವ್ವನನ್ನು ಕೇಳಿದೆ. ಅವ್ವ ಆ ವರ್ಷವೆಲ್ಲ ಹೂಂ, ಉಹೂಂ ಬಿಟ್ಟರೆ ಹೆಚ್ಚು ಮಾತಾಡಿದವಳಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಗ್ರಾಫ್ ಹಾಳೆ ತಂದಳು.

"ಪ್ಯಾಟಿ ಸೀರಿ ಬ್ಯಾಡ. ಇದು ಆಕಿ ಮಲಕೊಂಡಾಗ ತಗದದ್ದು. ಇದರದ ಸೀರಿ ಮಾಡಿಸಿಕೊಂಡ ಬಾ. ಆಕಿಗೆ ಆಕಿದ ಇಡೂಣು."

ಇಷ್ಟು ಹೇಳಿ ಎಮ್ಮೆಗಳಿಗೆ ಹುಲ್ಲು ಹಾಕಲು ಹೊರಟುಹೋದಳು. ಆ ಒಂದು ವರ್ಷದಲ್ಲಿ ಅವ್ವ ನನ್ನಿಂದ ಬೇಡಿದ್ದು ಅದೊಂದನ್ನೇ. ಬೇರೆ ಏನೂ ಅನಿಸದಿದ್ದರೂ, ಇದನ್ನು ಮಾಡಿಕೊಡಲೇಬೇಕು ಎಂಬುದು ಮಾತ್ರ ನನಗೆ ಸ್ಪಷ್ಟವಿತ್ತು.

ಮಾಲಕರಿಗೆ ಹಾಳೆ ತೋರಿಸಿದೆ. ಒಂದೇ ಒಂದು ಸೀರೆಗಾಗಿ ಕಾರ್ಡು ಹೊಡೆದು ಮಗ್ಗದಲ್ಲಿದ್ದದ್ದನ್ನು ಇಳಿಸುವುದೆಂದರೆ ಯಾರಾದರೂ ಬೈಯುವ ಮಾತೇ. ಅವರು ಬೈಯಲಿಲ್ಲ. "ಆಕಿ ಡಿಸೈನ್ ಏರಸದ ಮಗ್ಗ ಈ ಓಣ್ಯಾಗ ಯಾವದೈತಿ? ನೀ ತಯಾರ ಮಾಡ, ನೇಯ್ಸೂದು ನನಗ ಬಿಡ," ಅಂದರು.

ಹಾಳೆಯಲ್ಲಿ ಇದ್ದದ್ದು ಒಂದು ಬಿಳಿ ಹಕ್ಕಿ. ಉದ್ದ ಕತ್ತು, ಉದ್ದ ಕೊಕ್ಕು, ಬಲಗಡೆಗೆ ಮುಖ. ಹಂಸ ಎಂದುಕೊಂಡೆ, ಸೆರಗಿನ ನಡುವೆ ಜೋಡಿ ಹಂಸ ಎಲ್ಲರೂ ಹಾಕಿಸುತ್ತಿದ್ದರು. ಹಕ್ಕಿಯ ಕಾಲ ಕೆಳಗೆ ನೀರಿನ ಗೆರೆಗಳು ಹಾಳೆಯ ಬಲ ಅಂಚಿನವರೆಗೂ ಹೋಗಿ ಅಲ್ಲಿಗೆ ನಿಂತಿದ್ದವು. ಕೆಂಪು ಗೆರೆ ಇರಲಿಲ್ಲ. ಗೆರೆ ಎಳೆಯುವಷ್ಟು ಕೈಯಲ್ಲಿ ಶಕ್ತಿ ಇರಲಿಲ್ಲವೇನೋ ಎಂದುಕೊಂಡೆ. ಹಾಗೆ ಅಂದುಕೊಂಡಾಗಲೂ ನನಗೆ ಏನೂ ಆಗಲಿಲ್ಲ.

ಸಾಲು ಸಾಲಾಗಿ ಹಕ್ಕಿಯನ್ನು ಎಕ್ಸ್ ಮತ್ತು ಚುಕ್ಕಿಗಳಲ್ಲಿ ಬರೆದೆ. ಲೆನ್ ಹಾಕಿ ನೋಡಿದರೆ ಎಲ್ಲ ಸಾಲುಗಳೂ ಸರಿಯಾಗಿದ್ದವು. ಕೈ ನಡುಗುವ ಕಾಲದಲ್ಲೂ ಅಕ್ಕ ಒಂದು ಮನೆಯನ್ನೂ ತಪ್ಪಿರಲಿಲ್ಲ. ರಿವರ್ಸ್ ಕರೆದೆ. ಎದುರಿಗೆ ಇನ್ನೊಂದು ಹಕ್ಕಿ ಬಂದು ನಿಂತಿತು. ನೀರಿನ ಗೆರೆಗಳು ನಡುವೆ ಚೆನ್ನಾಗಿ ಕೂಡಿಕೊಂಡವು, ಕೊಕ್ಕಿಗೆ ಕೊಕ್ಕು ತಾಗುವ ಹಾಗಿತ್ತು. ಎರಡೂ ಪಕ್ಕದ ಬಯಲಿಗೆ, ಒಂದೇ ಅಕ್ಷರವನ್ನು ಬೇಕಾದಷ್ಟು ಸಲ ಬರೆಯುವ ಫಂಕ್ಷನ್ನಿನಿಂದ ಚುಕ್ಕಿ ತುಂಬಿಸಿದೆ. ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ವರ್ಷಾಂತಿಕದ ಹಿಂದಿನ ದಿನ ಸೀರೆ ಕೈಗೆ ಬಂತು. ಹಸಿರು ಒಡಲು, ಸೆರಗಿನಲ್ಲಿ ಬಿಳಿ. ಮಾಲಕರೇ ನೀಟಾಗಿ ಮಡಚಿ, ಸೆರಗು ಮೇಲೆ ಕಾಣುವ ಹಾಗೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಮನೆಗೆ ಬಂದು ಕಾಗದ ಬಿಚ್ಚಿ ಅವ್ವನ ಮುಂದೆ ಇಟ್ಟೆ. ಸೀರೆಯನ್ನು ದಡಿಗೆ ದಡಿ ಕೂಡಿಸಿ ಮಡಚುವುದರಿಂದ ಮೇಲೆ ಕಾಣುತ್ತಿದ್ದದ್ದು ಒಂದೇ ಹಕ್ಕಿ. ಅವ್ವ ಕೈ ಒರೆಸಿಕೊಂಡು ಬಂದು ಕೂತಳು. ಹಕ್ಕಿಯ ಕತ್ತಿನ ಮೇಲೆ ಬೆರಳಾಡಿಸಿದಳು.

"ಖರೇನ ಅದ ಐತಿ. ನಮ್ಮ ಬೆಳ್ಳಕ್ಕಿ."

"ಬೆಳ್ಳಕ್ಕಿ ಅಲ್ಲವ್ವಾ, ಹಂಸ ಅದು."

"ಎಲ್ಲೀ ಹಂಸವಾ? ಹಿತ್ತಲದಾಗ ಭತ್ತದ ಗದ್ದಿಗೆ ದಿನಾ ಬರತಿತ್ತಲ್ಲ, ನೀರಾಗ ನಿಂದರತಿತ್ತಲ್ಲ, ಅದು. ಅದನ್ನ ನೋಡಿ ನೋಡಿ ತಗದ್ಲು. ನಾ ಆಕಿ ತೊಡಿ ಮ್ಯಾಲೆ ಹಲಗಿ ಹಿಡಕೊಂಡ ಕುಂತಿದ್ದೆ."

ಹೇಳುತ್ತ ಹೇಳುತ್ತ ಅವ್ವ ಸೆರಗನ್ನು ಬಿಚ್ಚಿ ಅಗಲ ಮಾಡಿದಳು. ಅವಳ ಕೈ ಅಲ್ಲೇ ನಿಂತಿತು.

"ಇನ್ನೊಂದ ಯಾಕ ಬಂತ ಇಲ್ಲಿ?"

"ನಾನ ಜೋಡಿ ಮಾಡೇನಿ. ಅಕ್ಕ ಯಾವಾಗಲೂ ಅರ್ಧಾನ ತಗೀತಿದ್ಲಲ್ಲ. ಉಳಿದದ್ದ ನಾನ ತಿರುವಿ ಕೂಡಸ್ತಿದ್ದೆ."

ಅವ್ವ ಸಿಟ್ಟಾಗಲಿಲ್ಲ. ಎರಡನೆಯ ಹಕ್ಕಿಯನ್ನು ಮುಟ್ಟಲೂ ಇಲ್ಲ.

"ನಾನೂ ಹೇಳಿದ್ದೆವಾ ಆಕಿಗೆ. ಒಂದ ಇದ್ರ ಭಣಭಣ ಅಂತೈತಿ, ಬಾಜೂಕ ಇನ್ನೊಂದ ತಗಿ ಅಂತ. 'ಬ್ಯಾಡವ್ವಾ, ಇದು ಪೂರಾ ಐತಿ' ಅಂದ್ಲು. 'ಅರ್ಧಾ ಅರ್ಧಾ ತಗದ ಸಾಕಾಗೇತಿ. ಇದೊಂದಾದ್ರೂ ನಂದ ಪೂರಾ ಇರ್ಲಿ' ಅಂದ್ಲು."

ಹೊರಗೆ ಎಮ್ಮೆ ಒಂದು ಸಲ ಕೂಗಿತು. ಬೇರೆ ಸೀರೆ ನೇಯಿಸಲು ಹೊತ್ತಿರಲಿಲ್ಲ, ಬೆಳಗಾದರೆ ವರ್ಷಾಂತಿಕ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸೆರಗನ್ನು ಮೊದಲಿನ ಹಾಗೆ ದಡಿಗೆ ದಡಿ ಕೂಡಿಸಿ ಮಡಚಿದಳು. ಎರಡನೆಯ ಹಕ್ಕಿ ಮೊದಲನೆಯದರ ಕೆಳಗೆ ಸರಿಯಾಗಿ ಹೋಗಿ ಕೂತಿತು, ಒಂದು ಎಳೆಯೂ ಆಚೀಚೆ ಆಗಲಿಲ್ಲ.

"ಹಿಂಗ ಇಟ್ಟರಾತು. ಈಗ ಒಂದ ಐತಿ ನೋಡ," ಅಂದಳು.

"ಇಲ್ಲವ್ವಾ," ಅಂದೆ. "ಒಳಗ ಇನ್ನೊಂದ ಐತಿ."

ಪೂರಾ ಇರಲಿ ಅಂದಿದ್ದ ಅಕ್ಕ, ಇನ್ನು ಯಾವ ಹಾಳೆಯನ್ನೂ ನನ್ನ ಕಡೆ ನೂಕುವುದಿಲ್ಲ. ಅವ್ವನ ತೊಡೆಯ ಮೇಲೆ ಸೀರೆ ಇತ್ತು; ನಾನು ಅದರ ಮೇಲೆಯೇ ಮುಖವಿಟ್ಟು, ಅಕ್ಕ ಸತ್ತಳೆಂದು ಅವತ್ತೇ ಸುದ್ದಿ ಕೇಳಿದವಳ ಹಾಗೆ ಅತ್ತೆ.