ಸಿಗದ ಒಪ್ಪಿಗೆ: ಪುಷ್ಪಲತಾ ಮೇಡಂ ಅವರ ಮುಕ್ತ ತಂತ್ರಾಂಶ

ದಾವಣಗೆರೆಯ ಪಾಲಿಟೆಕ್ನಿಕ್ಕಿನಲ್ಲಿ ಮೂರು ದಶಕ ಕಂಪ್ಯೂಟರ್ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಪುಷ್ಪಲತಾ ಅವರ ಹೆಸರು, ನಮ್ಮ ಭಾಗದಲ್ಲಿ ಮುಕ್ತ ತಂತ್ರಾಂಶದ ಕೆಲಸಕ್ಕೆ ಕೈಹಾಕಿದ ಮೊದಲಿಗರ ಸಾಲಿನಲ್ಲಿ ನಿಲ್ಲುವಂಥದ್ದು. ಅಂಗಡಿ, ದವಾಖಾನೆಗಳ ಪ್ರೋಗ್ರಾಮುಗಳನ್ನು ಡೇಟಾಬೇಸಿಗೆ ಜೋಡಿಸುವ ಸಂಪರ್ಕ ತಂತ್ರಾಂಶವೊಂದನ್ನು ಅವರು ವಿದ್ಯಾರ್ಥಿಗಳೊಂದಿಗೆ ಬರೆದು ಮುಕ್ತ ಲೈಸೆನ್ಸಿನಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿ ಹಂಚುವವರು ಅದನ್ನು ಹಾಗೆಯೇ ಮುಕ್ತವಾಗಿಡಬೇಕು, ಬರೆದವರ ಹೆಸರು ಅಳಿಸಬಾರದು.

ಅದರಲ್ಲಿ, ಕರೆಂಟ್ ಹೋಗಿ ಬಂದಾಗ ಕಡಿದ ಸಂಪರ್ಕವನ್ನು ತಾನಾಗಿ ಕೂಡಿಸುವ ಭಾಗ ಹರಿಹರದ ವಿದ್ಯಾರ್ಥಿನಿ ಚೌಡೇಶ್ವರಿ ಬರೆದದ್ದು. ಕೊನೆಯ ವರ್ಷದಲ್ಲೇ ಆಕೆಗೆ ಮದುವೆ ಗೊತ್ತಾದಾಗ ಪುಷ್ಪಲತಾ ಅವರು ಮನೆಗೇ ಹೋಗಿ, ತಂದೆಯ ಮನವೊಲಿಸಿ, ಪರೀಕ್ಷೆ ಮುಗಿಯುವವರೆಗೆ ಲಗ್ನ ಮುಂದೂಡಿಸಿದರು. ಅದನ್ನು ಎಲ್ಲರೂ ಉಪಕಾರವೆಂದು ನೆನೆಯುತ್ತಾರೆ. ಅವರಿಗೆ ಮಾತ್ರ, ಅಂದು ಆಕೆಯ ಮುಂದಿನ ಓದಿಗಾಗಿಯೂ ಇನ್ನೂ ನಾಲ್ಕು ಮಾತು ಆಡಬೇಕಿತ್ತೆಂಬ ಕೊರಗು ಹೋಗಿಲ್ಲ.

ಹೋದ ವರ್ಷ ಒಂದು ಕಂಪನಿ ಈ ತಂತ್ರಾಂಶವನ್ನು ವಹಿಸಿಕೊಂಡು ನಡೆಸಲು ಮುಂದೆ ಬಂತು. ಷರತ್ತೆಂದರೆ, ಲೈಸೆನ್ಸ್ ಬದಲಾಯಿಸಿ ಅದನ್ನು ಕಂಪನಿಯ ಸ್ವತ್ತು ಮಾಡಬೇಕು. ಅದಕ್ಕೆ ಬರೆದವರೆಲ್ಲರ ಒಪ್ಪಿಗೆ ಬೇಕು. ತಮ್ಮ ನಂತರ ನೋಡಿಕೊಳ್ಳುವವರಿಲ್ಲವೆಂದು ಚಿಂತಿಸುತ್ತಿದ್ದ ಪುಷ್ಪಲತಾ ಅವರು ಉಳಿದವರ ಒಪ್ಪಿಗೆ ತರಿಸಿಕೊಂಡು, ಕೊನೆಗೆ ಗುತ್ತೂರಿನಲ್ಲಿ ಗಂಡನ ಹಿಟ್ಟಿನ ಗಿರಣಿ ನೋಡಿಕೊಳ್ಳುವ ಚೌಡೇಶ್ವರಿಯ ಬಳಿಗೆ ಹೋದರು.

“ಅಲ್ಲಿ ಕೂಡ್ರಬ್ಯಾಡ್ರಿ ಮೇಡಂ, ಏಳಾವಾಗ ನೀವೂ ಜ್ವಾಳದ ಹಿಟ್ಟಾಗಿರ್ತೀರಿ,” ಎಂದು ನಕ್ಕು ಆಕೆ ಒಳಗಿನಿಂದ ಕುರ್ಚಿ ತಂದಳು. ವಿಷಯ ಕೇಳಿದ ಮೇಲೆ ಮುಖ ಸಪ್ಪಗಾಯಿತು.

“ಹಂಗಾದ್ರೆ ನನ್ನ ಹೆಸ್ರು ಇರ್ತೈತೇನ್ರಿ?”

“ಇರಲ್ಲಮ್ಮ.”

“ಮನೆ ಮಾವಾರ ಹೆಸ್ರಾಗೈತೆ, ಗಿರಣಿ ನಮ್ಮನೆಯೋರ ಹೆಸ್ರಾಗೈತೆ. ನನ್ನ ಹೆಸ್ರು ಇರೋದು ಅದೊಂದ್ರಾಗ. ಬ್ಯಾಡ್ರಿ.”

“ನೀನು ಒಪ್ಪದಿದ್ರೆ ಅದು ನಿಂತೇ ಹೋಗ್ತೈತಲ್ಲಮ್ಮ.”

“ನಿಲ್ಲಲಿ ಬಿಡ್ರಿ. ನಂದೂ ಅಲ್ಲಿಗೇ ನಿಂತೈತೆ.”

ಪುಷ್ಪಲತಾ ಅವರು ಮತ್ತೆ ಒತ್ತಾಯಿಸಲಿಲ್ಲ. ಆಕೆಯ ಭಾಗವನ್ನು ಕಿತ್ತು ಹೊಸದಾಗಿ ಬರೆದುಕೊಡಿ ಎಂದು ಕಂಪನಿಯವರು ಸೂಚಿಸಿದರು. ಪುಷ್ಪಲತಾ ಅವರ ಅನುಭವಕ್ಕೆ ಅದು ದೊಡ್ಡ ಕೆಲಸವೇನೂ ಆಗಿರಲಿಲ್ಲ. ಒಮ್ಮೆ ಕೂತು ತೆರೆದೂ ನೋಡಿದರು. ಆ ಹುಡುಗಿಯನ್ನು ಈ ಸಲ ತಾವೇ ಓದು ಬಿಡಿಸಿ ಕಳಿಸಿದಂತಾಗುತ್ತದೆ ಎನಿಸಿ, ಆಗುವುದಿಲ್ಲವೆಂದು ತಿಳಿಸಿಬಿಟ್ಟರು. ಕಂಪನಿ ಹಿಂದೆ ಸರಿಯಿತು. ಬಳಸುತ್ತಿದ್ದವರೂ ಒಬ್ಬೊಬ್ಬರಾಗಿ ಬೇರೆಯದನ್ನು ಹಾಕಿಸಿಕೊಳ್ಳುತ್ತಿದ್ದಾರೆ.

ನಿವೃತ್ತರಿಗೆ ದೀರ್ಘಾಯುಷ್ಯವನ್ನೂ ಕೈತುಂಬ ಕೆಲಸವನ್ನೂ ಹಾರೈಸುವುದು ಇಂಥ ಅಭಿನಂದನಾ ಗ್ರಂಥಗಳ ವಾಡಿಕೆ. ಪುಷ್ಪಲತಾ ಅವರ ವಿಷಯದಲ್ಲಿ ಅದು ಬರಿಯ ವಾಡಿಕೆಯಾಗಿ ಉಳಿಯುವುದಿಲ್ಲ. ಅವರ ಕಣ್ಣು, ಕೈ ನಡೆಯುವವರೆಗೆ ಆ ತಂತ್ರಾಂಶ ನಡೆಯುತ್ತದೆ, ಚೌಡೇಶ್ವರಿಯ ಹೆಸರೂ ಅದರೊಳಗೆ ಇರುತ್ತದೆ. ಆಮೇಲೆ ನೋಡುವವರು ಯಾರೂ ಇಲ್ಲ. ಅವರು ನೂರ್ಕಾಲ ಬಾಳಲಿ.