ಮೆಟ್ಟುಗಲ್ಲು ಹತ್ತಿ ಚಳಿ ಓದುವಾಕೆ

ಬೆಳಗಿನ ಆರಕ್ಕೆ ಇನ್ನೂ ನಾಲ್ಕು ನಿಮಿಷ ಇದೆ. ಗುಡ್ಡದ ನೆತ್ತಿಯಲ್ಲಿ ತಂತಿಬೇಲಿಯ ಒಳಗೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ನಿಂತಿದೆ. ಅದರ ಮುಂದೆ ಕುಳ್ಳಗಿನ ಹೆಂಗಸೊಬ್ಬರು ಅಂಗೈ ಉಜ್ಜಿಕೊಳ್ಳುತ್ತ ಕಾಯುತ್ತಿದ್ದಾರೆ. ತಲೆಗೆ ಉಣ್ಣೆ ಟೋಪಿ, ಅದರ ಮೇಲೆ ಮಫ್ಲರ್, ಮೈಗೆ ತೀರಿಕೊಂಡ ಗಂಡನ ಕೋಟು. ಕೋಟಿನ ತೋಳು ಎರಡು ಸಲ ಮಡಚಿದರೂ ಬೆರಳ ತುದಿಗೆ ಬರುತ್ತದೆ. ಕೆಳಗೆ ಊರೆಂಬ ಊರೇ ಮಂಜಿನಲ್ಲಿ ಮುಳುಗಿದೆ, ಆಸ್ಪತ್ರೆಯ ಹೊಗೆಕೊಳವೆಯ ತುದಿಯೊಂದು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಗಡಿಯಾರದ ಮುಳ್ಳು ಆರು ಮುಟ್ಟುತ್ತದೆ. ಆಕೆ ಪೆಟ್ಟಿಗೆಯ ಮುಂದಿನ ಕಲ್ಲು ಹತ್ತಿ ನಿಲ್ಲುತ್ತಾರೆ. ಉಸಿರು ಬಿಗಿಹಿಡಿದು, ಬಾಗಿಲು ತೆರೆದು, ಟಾರ್ಚ್ ಹಾಯಿಸಿ, ನೆಟ್ಟಗೆ ನಿಂತ ಗಾಜಿನ ಕೊಳವೆಗೆ ಕಣ್ಣು ಸಮನಾಗಿ ಹಿಡಿಯುತ್ತಾರೆ. ಬಾಗಿಲು ಮುಚ್ಚಿದ ಮೇಲೆಯೇ ಉಸಿರು ಹೊರಬರುವುದು.

"ಐದು. ಮೂರು. ಮೂರು ಪಾಯಿಂಟ್ ಐದು" ಎನ್ನುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. "ಉಸಿರು ತಾಗಿದ್ರೆ ಸಾಕು, ಪಾದರಸ ಏರಿಬಿಡುತ್ತೆ. ಅದಕ್ಕೇ ಮೊದಲು ಪಾಯಿಂಟ್ ನೋಡ್ಬೇಕು, ಆಮೇಲೆ ಡಿಗ್ರಿ. ಡಿಗ್ರಿ ಎಲ್ಲೂ ಓಡಿಹೋಗಲ್ಲ, ಪಾಯಿಂಟ್ ಓಡಿಹೋಗುತ್ತೆ."

ಊರಿನವರಿಗೆ ಈಕೆ ಪೆಟ್ಟಿಗೆ ಅಕ್ಕ. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. ಹೊಸದಾಗಿ ಬಂದ ಬ್ಯಾಂಕಿನವರೊಬ್ಬರು ಖಾಲಿ ಬಾಟಲಿ ಹಿಡಿದು ಗುಡ್ಡ ಹತ್ತಿ, "ಅಮ್ಮಾ, ಒಂದು ಸೇರು ಜೇನು ಸಿಗಬಹುದಾ?" ಎಂದು ಕೇಳಿದ್ದರಂತೆ. "ಪಾಪ, ಅಷ್ಟು ಮೆಟ್ಟಿಲು ಹತ್ತಿ ಬಂದಿದ್ರು. ಚಹಾ ಕೊಟ್ಟು ಕಳಿಸ್ದೆ" ಎಂದು ಅಕ್ಕ ನಗುತ್ತಾರೆ. ನಗು ಬಲುಬೇಗ ಮುಗಿಯುತ್ತದೆ. ಈ ದಿನಗಳಲ್ಲಿ ಅವರಿಗೆ ನಗು ಅಷ್ಟಾಗಿ ಬರುತ್ತಿಲ್ಲ.

ಮನೆಯಿಂದ ಪೆಟ್ಟಿಗೆಗೆ ನೂರಾ ಹನ್ನೆರಡು ಮೆಟ್ಟಿಲು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಹೀಗೆ ದಿನಕ್ಕೆ ಮೂರು ಸಲ ಹತ್ತಬೇಕು, ಮೂರು ಸಲ ಇಳಿಯಬೇಕು. ನಡುವಿನ ಹೊತ್ತೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿತ. ಬಿಸಿನೀರು, ತಣ್ಣೀರು, ಸೋಪಿನ ಹಬೆ, ಹಿಂಡಿ ಹಿಂಡಿ ಬಾತ ಬೆರಳು. ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಸಲ ಈ ಬಾಗಿಲು ತೆರೆದಿದ್ದಾರೆ. ತಪ್ಪಿದ್ದು ಎರಡೇ ಸಲ. ಗಂಡ ಹೋದ ದಿನದ ಮಧ್ಯಾಹ್ನ ಮತ್ತು ಸಂಜೆ. ಪುಸ್ತಕದ ಆ ಎರಡು ಚೌಕಗಳಲ್ಲಿ ಅಂಕಿಯ ಬದಲು ಒಂದೊಂದು ಗೆರೆ ಎಳೆದಿದೆ.

ಅಂದಾಜಿನ ಮೇಲೆ ತುಂಬಿಸಿಬಿಡಬಹುದಿತ್ತಲ್ಲ, ಯಾರು ಕೇಳುತ್ತಿದ್ದರು ಎಂದರೆ ಅಕ್ಕ ಗದರಿಸುವಂತೆ ನೋಡುತ್ತಾರೆ. "ನೋಡಿದ್ರೆ ಬರೀಬೇಕು. ನೋಡಿಲ್ಲ ಅಂದ್ರೆ ಬಿಡ್ಬೇಕು. ನಮ್ಮಪ್ಪ ಹೇಳಿದ್ದು ಅಷ್ಟೇ."

ಅಪ್ಪನಿಗೆ ಅದನ್ನು ಹೇಳಿದ್ದು ಅವರಪ್ಪ, ಅವರಿಗೆ ಹೇಳಿದ್ದು ಹೇಸರಗತ್ತೆ ಹೊಡೆಯುತ್ತಿದ್ದ ಮುತ್ತಜ್ಜ. ಈ ಊರು ಹುಟ್ಟಿದ್ದೇ ಆ ಮುತ್ತಜ್ಜನಿಂದ ಎಂದರೆ ಇಲ್ಲಿನ ಹೋಟೆಲಿನವರು ಕಿಸಕ್ಕನೆ ನಗಬಹುದು. ಆದರೆ ನಡೆದದ್ದು ಹಾಗೆಯೇ. ನೂರಿಪ್ಪತ್ತು ವರ್ಷದ ಹಿಂದೆ ಈ ಎತ್ತರದಲ್ಲಿ ಹುಲ್ಲು, ಗಾಳಿ, ಬೇಸಿಗೆಯಲ್ಲಿ ಕುರಿ ಮೇಯಿಸುವವರು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಬಯಲಿನ ಸೆಕೆಯಲ್ಲಿ ಎದೆ ಕೆಮ್ಮಿನ ರೋಗಿಗಳನ್ನು ಇಟ್ಟುಕೊಂಡು ಕಂಗಾಲಾಗಿದ್ದ ಡಾಕ್ಟರೊಬ್ಬರಿಗೆ ತಂಪು ಜಾಗ ಬೇಕಾಗಿತ್ತು. ತಾವು ಹತ್ತಿ ಬರುವಂತಿರಲಿಲ್ಲ. ಮುತ್ತಜ್ಜನ ಕೈಗೆ ಒಂದು ಥರ್ಮಾಮೀಟರ್ ಕೊಟ್ಟು, ನಲವತ್ತು ದಿನ ಮೇಲಿದ್ದು ಬಾ ಎಂದರು.

ಮುತ್ತಜ್ಜನಿಗೆ ಅಂಕಿ ಬರುತ್ತಿರಲಿಲ್ಲ. ಅವನು ಒಂದು ಕೋಲು ಕಡಿದು, ದಿನಾ ಬೆಳಿಗ್ಗೆ ಗಾಜಿನ ಕೊಳವೆಯ ಪಕ್ಕಕ್ಕೆ ಹಿಡಿದು, ಪಾದರಸ ನಿಂತಷ್ಟು ಎತ್ತರಕ್ಕೆ ಚಾಕುವಿನಿಂದ ಗೀರು ಹಾಕಿದ. ಡಾಕ್ಟರು ಆ ಕೋಲನ್ನು ಥರ್ಮಾಮೀಟರಿಗೆ ತಾಳೆ ಹಾಕಿ ಓದಿಕೊಂಡರು. ಗೀರು ಎಣಿಸಿದರೆ ಮೂವತ್ತೊಂಬತ್ತೇ ಇದ್ದವು. ಒಂದು ದಿನ ಜ್ವರ ಬಂದು ಮಲಗಿದ್ದೆ, ನೋಡಲಿಲ್ಲ ಎಂದು ಮುತ್ತಜ್ಜ ಕೈಕಟ್ಟಿ ನಿಂತನಂತೆ. ಆ ಒಂದು ಮಾತಿಗೇ ಉಳಿದ ಮೂವತ್ತೊಂಬತ್ತನ್ನೂ ನಂಬಿದೆ ಎಂದು ಡಾಕ್ಟರು ಹೇಳಿದ್ದನ್ನು ಈ ಮನೆಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮುಂದಿನ ವರ್ಷ ಉದ್ದ ಜಗಲಿಯ ಆಸ್ಪತ್ರೆ ಎದ್ದಿತು. ರೋಗಿಗಳಿಗೆ ಅಡುಗೆಯವರು ಬಂದರು, ಬಟ್ಟೆ ಒಗೆಯುವವರು ಬಂದರು, ಕಂಬಳಿ ಮಾರುವವರು ಬಂದರು. ಊರಾಯಿತು.

ಆ ಗೀರುಕೋಲು ಈಗ ಅಕ್ಕನ ಅಡುಗೆಮನೆಯ ಅಟ್ಟದಲ್ಲಿದೆ. ಹೊಗೆ ಹಿಡಿದು ಕಪ್ಪಾಗಿದೆ.

ಇಪ್ಪತ್ತಾರು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದು ತೀರಿಕೊಂಡಾಗ ಪುಸ್ತಕ ಮಗಳ ಕೈಗೆ ಬಂತು. ತಮ್ಮನಿಗೆ ಆಗ ಹತ್ತೊಂಬತ್ತು. ಯಾವ ಕೆಲಸಕ್ಕೆ ಸೇರಿದರೂ ಮೂರು ತಿಂಗಳಿಗೆ ಮನೆಗೆ ವಾಪಸ್. ಅಪ್ಪ ಆರಡಿ ಆಳು. ಪೆಟ್ಟಿಗೆಯ ಕಾಲು ಕಡಿಸಿದ್ದು ಅವರ ಕಣ್ಣಿನ ಅಳತೆಗೆ. ತಮ್ಮನೂ ಅಪ್ಪನಂತೆಯೇ ಬೆಳೆದ. ಅಕ್ಕ ಅಮ್ಮನ ಹಾಗೆ, ಐದಡಿಗೂ ಎರಡು ಬೆರಳು ಕಮ್ಮಿ. ತುದಿಗಾಲಲ್ಲಿ ನಿಂತು, ಕತ್ತು ಎತ್ತಿ, ಕೆಳಗಿನಿಂದಲೇ ಓದಿದರು. ಹಾಗೆ ಓದಬಾರದು ಎಂದು ಹೇಳಲು ಅಪ್ಪ ಇರಲಿಲ್ಲ.

ಆ ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಪಾದರಸ ಸೊನ್ನೆಯ ಗೆರೆಯ ಮೇಲೆ ನಿಂತಂತೆ ಕಂಡಿತು. ಊರಿನ ಪುಸ್ತಕದಲ್ಲಿ ಅದುವರೆಗೆ ಸೊನ್ನೆ ಇರಲೇ ಇಲ್ಲ. ಅಂದು ಟಾರ್ಚ್ ಹಿಡಿಯಲು ಜೊತೆಗೆ ಬಂದಿದ್ದ ತಮ್ಮ ಟಾರ್ಚನ್ನು ಅಲ್ಲೇ ಬಿಸಾಕಿ, "ಸೊನ್ನೆ! ಸೊನ್ನೆ!" ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿದ. ಜನ ಹಾಸಿಗೆ ಬಿಟ್ಟು ಎದ್ದು ಬಂದರು. ಪೇಪರಿನಲ್ಲಿ ಬಂತು. ಎರಡೇ ತಿಂಗಳಲ್ಲಿ ಊರ ಬಾಗಿಲಿಗೆ "ಸೊನ್ನೆ ಡಿಗ್ರಿಯ ಊರಿಗೆ ಸ್ವಾಗತ" ಎಂಬ ಬೋರ್ಡು ಎದ್ದಿತು. ಪೆಟ್ಟಿಗೆ ಅಕ್ಕನ ಫೋಟೋ ಯಾರಾದರೂ ತೆಗೆದದ್ದಿದ್ದರೆ ಅದು ಆ ಬೆಳಿಗ್ಗೆ ಮಾತ್ರ. ಬಯಲಿನಿಂದ ಬಸ್ಸುಗಟ್ಟಲೆ ಜನ ಬರತೊಡಗಿದರು. ಬೋರ್ಡಿನ ಕೆಳಗೆ ಫೋಟೋ ತೆಗೆದುಕೊಡುವ ಅಂಗಡಿಯೊಂದನ್ನು ತಮ್ಮ ಇಟ್ಟ. ಮೊದಲ ಸಲ ಅವನೊಂದು ಕೆಲಸದಲ್ಲಿ ನಿಂತ.

ಅಂಗಡಿ ಇಟ್ಟ ಮರುವಾರವೇ ಬೇಲಿ ರಿಪೇರಿಗೆ ಬಂದ ಗಾರೆಯವರು ಒಂದು ಕಲ್ಲನ್ನು ಪೆಟ್ಟಿಗೆಯ ಮುಂದೆ ಬಿಟ್ಟುಹೋದರು. ಅಕ್ಕ ಅದರ ಮೇಲೆ ಹತ್ತಿ ಬಾಗಿಲು ತೆರೆದರು.

"ಹತ್ತಿ ನೋಡ್ದೆ, ಒಂದು ಅಂಕಿ. ಇಳಿದು ನೋಡ್ದೆ, ಇನ್ನೊಂದು ಅಂಕಿ. ಮತ್ತೆ ಹತ್ತಿದೆ, ಮತ್ತೆ ಇಳಿದೆ. ನೆಲದಿಂದ ನೋಡಿದ್ರೆ ಪಾದರಸ ಇದ್ದದ್ದಕ್ಕಿಂತ ಕೆಳಗಿನ ಗೆರೆಗೆ ತಾಕ್ದಂಗೆ ಕಾಣುತ್ತೆ. ಚಳಿ ಜಾಸ್ತಿ ಆಗಿರ್ಲಿಲ್ಲ ಸ್ವಾಮಿ. ನಾನು ಕುಳ್ಳಿ ಇದ್ದೆ, ಅಷ್ಟೇ."

ಮುಂದಿನ ಚಳಿಗಾಲ ಪೂರ್ತಿ ಅವರು ಪ್ರತಿ ಹೊತ್ತಿಗೂ ಎರಡೆರಡು ಸಲ ಓದಿದರು. ಕಲ್ಲಿನ ಮೇಲಿನದು ಸರಕಾರಿ ಪುಸ್ತಕಕ್ಕೆ, ನೆಲದ ಮೇಲಿನದು ತಮ್ಮದೇ ಒಂದು ನೋಟ್‌ಬುಕ್ಕಿಗೆ. ವ್ಯತ್ಯಾಸ ಹೆಚ್ಚುಕಮ್ಮಿ ಪ್ರತಿದಿನವೂ ಪಾಯಿಂಟ್ ಆರು. ಅಂದರೆ ಆ ಸೊನ್ನೆ ಸೊನ್ನೆಯಲ್ಲ. ಹವಾಮಾನ ಕಚೇರಿಗೆ ಇದನ್ನು ತಿಳಿಸಿ ಕಾಗದ ಬರೆದರು, ಅಂಚೆಪೆಟ್ಟಿಗೆಯವರೆಗೂ ಹೋದರು. ದಾರಿಯಲ್ಲೇ ತಮ್ಮನ ಅಂಗಡಿ. ಹೊಸ ಶರ್ಟು ತೊಟ್ಟು ಗಿರಾಕಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಅವನನ್ನು ಕಂಡು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದರು. ಅದು ಟ್ರಂಕಿನ ತಳ ಸೇರಿತು. ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ಅಕ್ಕ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತರು.

ಹೊಲಿಗೆ ಸಡಿಲಗೊಂಡದ್ದು ಕಳೆದ ವರ್ಷ. ಹವೆ ಅಧ್ಯಯನ ಮಾಡುವ ಹುಡುಗಿಯೊಬ್ಬಳು ಬಂದು, ಇಲ್ಲಿಯ ಪುಸ್ತಕಗಳಿಂದ ತಯಾರಿಸಿದ ಉಷ್ಣತೆಯ ರೇಖಾನಕ್ಷೆ ಬಿಚ್ಚಿ ತೋರಿಸಿದಳು. ಗೆರೆ ಸಣ್ಣಗೆ ಏರುತ್ತ ಬಂದಿತ್ತು, ಒಂದು ಕಡೆ ಮಾತ್ರ ತಟಕ್ಕನೆ ಕುಸಿದು ಮತ್ತೆ ಎದ್ದಿತ್ತು. ಈ ವರ್ಷ ಏನಾಗಿತ್ತು ಅಜ್ಜಿ, ಎಂದು ಬೆರಳಿಟ್ಟು ಕೇಳಿದಳು.

"ಗೊತ್ತಿಲ್ಲ ಮಗಾ ಅಂದೆ." ಅಕ್ಕನ ದನಿ ಇಳಿಯುತ್ತದೆ. "ಆ ಗುಂಡಿ ನಾನೇ. ನಾನೇ ಅಲ್ಲಿ ಬಿದ್ದಿರೋದು. ನನ್ನೆದುರಿಗೇ ಕೂತು ಕೇಳಿದ್ಲು, ಗೊತ್ತಿಲ್ಲ ಅಂದುಬಿಟ್ಟೆ."

ಈಗ ಹೊತ್ತೂ ಇಲ್ಲ. ಸೋಮವಾರ ಪೆಟ್ಟಿಗೆಯನ್ನು ಕೀಳುತ್ತಾರೆ, ಜಾಗದಲ್ಲಿ ತಾನೇ ಓದಿ ತಾನೇ ಕಳಿಸುವ ಯಂತ್ರ ಕೂರುತ್ತದೆ. ಪುಸ್ತಕಗಳೆಲ್ಲ ಗಂಟು ಕಟ್ಟಿ, ಅರಗಿನ ಮುದ್ರೆ ಒತ್ತಿಸಿಕೊಂಡು ದೊಡ್ಡ ಕಚೇರಿಗೆ ಹೋಗುತ್ತವೆ. ಆಮೇಲೆ ಒಂದಕ್ಷರ ಸೇರಿಸುವಂತಿಲ್ಲ. ಅಕ್ಕ ಎರಡು ತಿಂಗಳ ಹಿಂದೆಯೇ ಅಧಿಕಾರಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡಿದ್ದಾರೆ. ಅವರು ಒಳ್ಳೆಯವರು, ಬೈಯಲಿಲ್ಲ. ಪುಟದ ಕೊನೆಯ ಷರಾ ಕಾಲಂನಲ್ಲಿ ತಿದ್ದುಪಡಿ ಬರೆಯಬಹುದು ಎಂದರು. ಆದರೆ ನಿಯಮ ಒಂದಿದೆ. ಓದುವಾಗ ಜೊತೆಗಿದ್ದವರು ಯಾರಾದರೂ ಸಾಕ್ಷಿ ಸಹಿ ಹಾಕಬೇಕು.

ಜೊತೆಗಿದ್ದವನು ಒಬ್ಬನೇ.

ಲಾಡ್ಜಿನವರ ಸಂಘದ ಅಧ್ಯಕ್ಷರು ಆಗಲೇ ಮನೆಗೆ ಬಂದು ಹೋಗಿದ್ದಾರೆ. "ಪಾಯಿಂಟ್ ಆರಿಗೆ ಯಾರಪ್ಪನ ಗಂಟು ಹೋಗುತ್ತೆ ಅಕ್ಕಾ? ಯಾರೂ ಕೇಳದೇ ಇರೋವಾಗ ನೀವ್ಯಾಕೆ ಇಲ್ಲದ ಉಸಾಬರಿ ಮೈಮೇಲೆ ಎಳ್ಕೋತೀರಿ?" ಎಂದರಂತೆ. ಸಹಿ ಕೇಳಲು ಹೋದರೆ ತಮ್ಮನ ಮಾತು ಅದಕ್ಕಿಂತ ಗಡುಸು. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬೇರೆ ಯಾರೂ ಬೇಕಾಗಿಲ್ಲ, ಒಡಹುಟ್ಟಿದೋಳೇ ಸಾಕು" ಎಂದು ಹೇಳಿ ಹೊಸಿಲು ದಾಟಿದವನು ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ.

ಅಂಗಡಿಯಲ್ಲಿ ಅವನನ್ನು ಕಂಡರೆ ಕೆಟ್ಟವನೆನಿಸುವುದಿಲ್ಲ. ನಲವತ್ತೈದರ ಎತ್ತರದ ಆಳು, ಕೂದಲು ಅರ್ಧ ಬೆಳ್ಳಗಾಗಿದೆ. ಬೋರ್ಡಿನ ಸೊನ್ನೆ ಫೋಟೋದಲ್ಲಿ ಪೂರ್ತಿ ಬರಲೆಂದು ತೇವದ ನೆಲದಲ್ಲಿ ಮಂಡಿಯೂರಿ ಕ್ಯಾಮೆರಾ ಹಿಡಿಯುತ್ತಾನೆ. ಅಕ್ಕನ ವಿಷಯ ಎತ್ತಿದರೆ ಲೆನ್ಸು ಒರೆಸತೊಡಗುತ್ತಾನೆ. "ಆವತ್ತು ಓಡಿಹೋಗಿ ಕೂಗಿದ್ದು ನಾನು. ಅವಳಲ್ಲ" ಎಂದಷ್ಟೇ ಹೇಳಿ ಮುಂದಿನ ಗಿರಾಕಿಯನ್ನು ಕರೆಯುತ್ತಾನೆ.

ಭಾನುವಾರ, ಪೆಟ್ಟಿಗೆಯ ಕೊನೆಯ ಬೆಳಗು. ಅಕ್ಕ ಇವತ್ತು ಹತ್ತು ನಿಮಿಷ ಮುಂಚೆಯೇ ಬಂದಿದ್ದಾರೆ. ಕಂಕುಳಲ್ಲಿ ಹಳೆಯ ಪುಸ್ತಕ, ನಡುವೆ ಗುರುತಿಗೆ ಸಿಕ್ಕಿಸಿದ ಹಳದಿಗಟ್ಟಿದ ಕಾಗದ. ಅಂಚೆಗೆ ಹಾಕದೆ ಉಳಿದದ್ದು. ಆರಕ್ಕೆ ಎರಡು ನಿಮಿಷವಿರುವಾಗ ಮೆಟ್ಟಿಲ ಮೇಲೆ ಏದುಸಿರು ಕೇಳುತ್ತದೆ. ಮಂಜಿನಿಂದ ಮೊದಲು ಟಾರ್ಚು, ಹಿಂದೆಯೇ ತಮ್ಮ.

ಗಂಟೆಯಾಗುತ್ತಲೇ ಅಕ್ಕ ಕಲ್ಲಿನ ಮೇಲೆ ಹತ್ತದೆ ಪಕ್ಕಕ್ಕೆ ಸರಿದು, "ನೀನು ನೋಡು" ಎನ್ನುತ್ತಾರೆ. ತಮ್ಮ ಬರಿಯ ನೆಲದ ಮೇಲೆ ನಿಲ್ಲುತ್ತಾನೆ. ಅವನ ಕಣ್ಣು ಸರಿಯಾಗಿ ಕೊಳವೆಯ ಮಟ್ಟಕ್ಕೆ ಬರುತ್ತದೆ, ಅಪ್ಪನದು ಬರುತ್ತಿದ್ದ ಹಾಗೆ. ಯಾರೂ ಹೇಳದೆಯೇ ಉಸಿರು ಹಿಡಿಯುತ್ತಾನೆ. ಬಾಗಿಲು ಮುಚ್ಚಿ, "ಎರಡು. ನಾಲ್ಕು. ನಾಲ್ಕು ಪಾಯಿಂಟ್ ಎರಡು" ಎನ್ನುತ್ತಾನೆ. ಅಕ್ಕ ಕಲ್ಲು ಹತ್ತಿ ತಾವೂ ನೋಡುತ್ತಾರೆ. ಇಳಿದು ಅದನ್ನೇ ಬರೆಯುತ್ತಾರೆ.

"ಬೋರ್ಡು ಇಳಿಸ್ತಾರೋ ಬಿಡ್ತಾರೋ ಊರಿನವರಿಗೆ ಬಿಟ್ಟಿದ್ದು" ಎಂದು ತಮ್ಮ ಗೊಣಗುತ್ತಾನೆ. "ಪೆನ್ ಕೊಡು."

"ಮೊದಲು ಓದು. ಓದದೆ ಸಹಿ ಹಾಕ್ಬೇಡ."

ಷರಾ ಕಾಲಂನಲ್ಲಿ ಅಕ್ಕ ರಾತ್ರಿಯೇ ಬರೆದಿಟ್ಟಿದ್ದಾರೆ. ಗುಂಡನೆಯ ಅಕ್ಷರ, ಕೆಂಪು ಶಾಯಿ. ತಮ್ಮ ಟಾರ್ಚ್ ಹಿಡಿದು ಓದುತ್ತಾನೆ: "ಓದಿದವಳು ಕುಳ್ಳಿ. ಕಣ್ಣು ಮಟ್ಟಕ್ಕೆ ಬರುತ್ತಿರಲಿಲ್ಲ. ಮೊದಲ ಮುನ್ನೂರ ಇಪ್ಪತ್ತೊಂದು ದಿನದ ಎಲ್ಲ ಅಂಕಿಗೂ ಪಾಯಿಂಟ್ ಆರು ಸೇರಿಸಿ ಓದಬೇಕು. ತಪ್ಪು ನನ್ನದು. ತಿಳಿದ ಮೇಲೂ ಹೇಳಲಿಲ್ಲ, ಅದೂ ನನ್ನದೇ."

ಅವನು ಎರಡನೆಯ ಸಲ ಓದುತ್ತಾನೆ. ಯಾಕೆ ಹೇಳಲಿಲ್ಲ ಎಂಬುದನ್ನು ಪುಸ್ತಕದಲ್ಲಿ ಹುಡುಕುತ್ತಾನೆ. ಅದು ಅಲ್ಲಿಲ್ಲ. ಮೂಗೊರೆಸಿಕೊಂಡು ಸಹಿ ಹಾಕುತ್ತಾನೆ. ಆಮೇಲೆ, ಚಿಕ್ಕಂದಿನಲ್ಲಿ ರೇಗಿಸುತ್ತಿದ್ದ ದನಿಯಲ್ಲಿ ಕೇಳಲು ನೋಡುತ್ತಾನೆ, ದನಿ ಒಡೆಯುತ್ತದೆ.

"ಕುಳ್ಳಿ ಅಂತ ಬರ್ದಿದ್ದೀಯಲ್ಲೇ, ಸರಕಾರಿ ಪುಸ್ತಕದಲ್ಲಿ?"

ಅಕ್ಕ ಪುಸ್ತಕ ಮುಚ್ಚಿ ಕೋಟಿನೊಳಗೆ ಇಟ್ಟುಕೊಳ್ಳುತ್ತಾರೆ.

"ನೋಡಿದ್ದನ್ನೇ ಬರ್ದಿದ್ದೀನಿ ಕಣೋ."